ಎಡೆಗೊಂದು ಬಾನ್ ಮಿ

ಲಾಯ್ ಒಂಬತ್ತನೆಯ ಬಾನ್ ಮಿಯನ್ನು ಗಾಡಿಯ ಮುಂದೆ ನಿಂತೇ ಕಚ್ಚಿದಳು. ಬ್ರೆಡ್ಡಿನ ಮೇಲ್ಪದರ ಹಪ್ಪಳದ ಹಾಗೆ ಮುರಿದು ಅಂಗಿಯ ಮೇಲೆಲ್ಲ ಚೂರಾಗಿ ಉದುರಿತು. ಒಳಗೆ ಬ್ರೆಡ್ಡು ಹೆಚ್ಚೇನಿಲ್ಲ, ಬರೀ ಗಾಳಿ. ಒಳ್ಳೆಯ ಬ್ರೆಡ್ಡು ಹಾಗೇ ಇರಬೇಕು. ಇದ್ದಿಲಿನ ಮೇಲೆ ಸುಟ್ಟ ಹಂದಿಮಾಂಸ, ಅರೆದ ಲಿವರ್, ಹುಳಿಯಲ್ಲಿ ನೆನೆಸಿ ಹಿಂಡಿದ ಮೂಲಂಗಿ, ಸೌತೆಕಾಯಿಯ ಉದ್ದನೆ ಸೀಳು, ಕೊತ್ತಂಬರಿ, ಎಲ್ಲ ಮುಗಿಯಿತು ಅಂದುಕೊಳ್ಳುವಾಗ ನಾಲಿಗೆಯ ತುದಿಗೆ ಹಸಿಮೆಣಸು. ಚೆನ್ನಾಗಿತ್ತು. ಅದೇ ತೊಂದರೆ. ಒಂಬತ್ತರಲ್ಲಿ ಆರು ಚೆನ್ನಾಗಿಯೇ ಇದ್ದವು.

ಅವಳು ಚೀಲದಿಂದ ಗಂಡನ ಫೋಟೊ ತೆಗೆದು ತೋರಿಸಿದಳು. ಗಾಡಿಯ ಹೆಂಗಸು ಎಣ್ಣೆಗೈ ಒರೆಸಿಕೊಂಡು ನೋಡಿದಳು. ತೋಂಗ್ ಅಣ್ಣ ಅಲ್ಲವೇ, ವಾರಕ್ಕೆರಡು ಸಲ ಬರುತ್ತಿದ್ದ, ನಿನ್ನದನ್ನು ಬಿಟ್ಟರೆ ಬೇರೆಯವರ ಬಾನ್ ಮಿ ನನ್ನ ಗಂಟಲಲ್ಲಿ ಇಳಿಯುವುದಿಲ್ಲ ಎನ್ನುತ್ತಿದ್ದ, ಈಗೇಕೆ ಕಾಣುವುದೇ ಇಲ್ಲ ಎಂದು ಕೇಳಿದಳು. ಸತ್ತು ಹೋದರು ಎಂದು ಲಾಯ್ ಒಂಬತ್ತನೆಯ ಸಲ ಹೇಳಿದಳು. ಹಿಂದಿನ ಎಂಟು ಗಾಡಿಯವರೂ ಹೆಚ್ಚುಕಡಿಮೆ ಇದೇ ಮಾತು ಹೇಳಿದ್ದರು. ಕೈಮಾ ಉಂಡೆಯವನೂ ಅದನ್ನೇ ಹೇಳಿದ, ಮೊಟ್ಟೆಯವಳೂ ಅದನ್ನೇ ಹೇಳಿದಳು. ಮೀನಿನ ಡಬ್ಬಿ ಒಡೆದು ತುಂಬಿಸಿ ಕೊಡುವ ಹಲ್ಲಿಲ್ಲದ ಮುದುಕನಂತೂ ತೋಂಗ್ ತನ್ನ ಗಾಡಿಯನ್ನು ಬಿಟ್ಟು ಬೇರೆ ಕಡೆ ಹೋದದ್ದೇ ಇಲ್ಲವೆಂದು ಆಣೆ ಇಟ್ಟಿದ್ದ.

ಯಾರೂ ಸುಳ್ಳು ಹೇಳುತ್ತಿರಲಿಲ್ಲ. ತೋಂಗ್ ಮೂವತ್ತೊಂದು ವರ್ಷ ಸೈಗಾನಿನಲ್ಲಿ ಬಾಡಿಗೆ ಬೈಕ್ ಓಡಿಸಿದವನು. ಹಿಂದೆ ಕೂತವರು ಎಲ್ಲಿ ಇಳಿಯುತ್ತಾರೋ ಅಲ್ಲಿ ಅವನಿಗೆ ಹಸಿವಾಗುತ್ತಿತ್ತು. ಬಾಯಿ ಬೇರೆ ದೊಡ್ಡದು. ಕೈಗೆ ಬಿಸಿಯಾದದ್ದು ಏನು ಕೊಟ್ಟರೂ ಕೊಟ್ಟವರನ್ನು ಹೊಗಳದೆ ಬಿಡುತ್ತಿರಲಿಲ್ಲ. ಅವನು ಹೊಗಳದೆ ಬಿಟ್ಟದ್ದು ಒಬ್ಬಳನ್ನೇ, ಹೆಂಡತಿಯನ್ನು. ಮನೆಯಲ್ಲಿ ಅನ್ನ ಹಾಕಿದರೆ ಅನ್ನ ತಿಂದು ಏಳುತ್ತಿದ್ದ. ಬಾನ್ ಮಿಯ ಸುದ್ದಿ ಅಲ್ಲಿ ಬರುತ್ತಲೇ ಇರಲಿಲ್ಲ, ಏಕೆಂದರೆ ಲಾಯ್‌ಗೆ ಚೂರು ಉದುರಿಸುವ ತಿಂಡಿ ಕಂಡರೆ ಆಗದು. ನಾಲ್ಕನೇ ಜಿಲ್ಲೆಯ ಆ ಓಣಿಯಲ್ಲಿ ಅವಳ ಮನೆಯಷ್ಟು ಒರೆಸಿದ ನೆಲ ಇನ್ನೊಂದಿರಲಿಲ್ಲ. ಕೈಯಲ್ಲಿ ಒರೆಸುವ ಬಟ್ಟೆ ಇಲ್ಲದಿದ್ದರೆ ಅವಳ ಗುರುತು ಹಿಡಿಯುವುದು ಕಷ್ಟ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು.

ಅವರಿಬ್ಬರಿಗೂ ನಿಜವಾದ ಜಗಳ ಇದ್ದದ್ದು ತಿಂಗಳಿಗೆ ಎರಡು ದಿನ. ಹುಣ್ಣಿಮೆಯ ದಿನ, ಮತ್ತೆ ಅಮಾವಾಸ್ಯೆ ಕಳೆದ ಪಾಡ್ಯದ ದಿನ ಲಾಯ್ ಮಾಂಸ ಮುಟ್ಟುವವಳಲ್ಲ. ಬೆಳಿಗ್ಗೆ ಬೂದುಬಣ್ಣದ ನಿಲುವಂಗಿ ತೊಟ್ಟು ಬುದ್ಧನ ಗುಡಿಗೆ ಹೋಗಿ ಬಂದು ಸೋಯಾ ಹಾಲಿನ ತೋಫು ಬೇಯಿಸುತ್ತಿದ್ದಳು. ತೋಂಗ್ ಅದನ್ನು ಹುಲ್ಲು ಎನ್ನುತ್ತಿದ್ದ. ಅವನಿಗಾಗಿ ಅವಳು ಬೇರೆ ಒಲೆ ಹಚ್ಚಿ ಮೀನು ಹುರಿಯಬೇಕಾಗಿತ್ತು. ಎಂಟು ವರ್ಷದ ಹಿಂದೆ ಅವಳಿಗೆ ಹೊಟ್ಟೆಯ ಗಡ್ಡೆಯ ಆಪರೇಷನ್ ಆಯಿತು. ಮನೆಗೆ ಬಂದ ಮೇಲೆ ಇನ್ನು ನನಗಾಗಿ ಎರಡೆರಡು ಒಲೆ ಹಚ್ಚಬೇಡ, ಆ ಎರಡು ದಿನ ಹೊರಗೇ ಹಂದಿ ತಿಂದುಕೊಳ್ಳುತ್ತೇನೆ ಎಂದ. ಅವಳಿಗೆ ಸಿಟ್ಟೇ ಬಂತು. ಸಾವಿನ ಬಾಗಿಲಿಗೆ ಹೋಗಿ ಬಂದ ಹೆಂಡತಿಯನ್ನು ಕಂಡ ಮೇಲಾದರೂ ಒಂದು ದಿನ ನಾಲಿಗೆ ಕಟ್ಟಬಾರದೇ ಈ ಮನುಷ್ಯ? ಅಂದಿನಿಂದ ಒಂದು ಕಟ್ಟಳೆ ಮಾಡಿದಳು. ಆ ಎರಡು ದಿನ ಸಂಜೆ ಅವನು ಓಣಿಯ ನಲ್ಲಿಯ ಹತ್ತಿರ ಅಂಗಿ ಕೊಡವಿ, ಮೂರು ಸಲ ಬಾಯಿ ಮುಕ್ಕಳಿಸಿ, ಆಮೇಲೆ ಹೊಸಿಲು ದಾಟಬೇಕು. ದೇವರ ಮುಂದೆ ಹಂದಿಯ ವಾಸನೆ ಬೇಡ.

ಅವನು ಮುಕ್ಕಳಿಸುತ್ತಿದ್ದ. ಸುಮ್ಮನೆ ಅಲ್ಲ. ತಲೆ ಮೇಲೆತ್ತಿ, ಇಡೀ ಓಣಿಗೆ ಕೇಳಿಸುವ ಹಾಗೆ ಗಳಗಳ ಸದ್ದು ಮಾಡಿ, ನಡುನಡುವೆ ಸಾಕೋ ಇನ್ನೂ ಬೇಕೋ ಎಂದು ಒಳಗಿದ್ದವಳನ್ನು ಕೂಗಿ ಕೇಳುತ್ತಿದ್ದ. ಅಕ್ಕಪಕ್ಕದವರು ಬಾಗಿಲಿಗೆ ಬಂದು ನಗುತ್ತಿದ್ದರು. ಅವಳು ಒಳಗೆ ಹಲ್ಲು ಕಡಿಯುತ್ತಿದ್ದಳು.

ಹೋದ ವರ್ಷ ಅವನಿಗೆ ಲಕ್ವ ಹೊಡೆಯಿತು. ಬಲಗಡೆ ಬಿದ್ದು ಹೋಯಿತು, ಆ ದೊಡ್ಡ ಬಾಯಿಯೂ ಬಿದ್ದು ಹೋಯಿತು. ಒಂದು ತಿಂಗಳು ಮಂಚದ ಮೇಲೆ ಗಂಜಿ ಕುಡಿದುಕೊಂಡಿದ್ದ. ಅವರ ಪಂಚಾಂಗದ ಮೂರನೆಯ ತಿಂಗಳ ಹುಣ್ಣಿಮೆ ಬಂತು. ಲಾಯ್ ಗುಡಿಗೆ ಹೋಗಿ ಬಂದು ನಿಲುವಂಗಿಯನ್ನು ಇನ್ನೂ ಬಿಚ್ಚಿರಲಿಲ್ಲ. ಅವನು ಎಡಗೈ ಎತ್ತಿ ಅವಳ ನಿಲುವಂಗಿಯನ್ನು ತೋರಿಸಿದ, ಬಾಗಿಲನ್ನು ತೋರಿಸಿದ, ಆಮೇಲೆ ಬಹಳ ಕಷ್ಟಪಟ್ಟು ಬಾನ್ ಮಿ ಎಂದ. ತಿಂಗಳಲ್ಲಿ ಅವನಾಡಿದ ಮೊದಲ ಮಾತು ಅದು. ಅವಳು ಉಟ್ಟ ಬಟ್ಟೆಯಲ್ಲೇ ಓಡಿದಳು. ಓಣಿಯ ತುದಿಯ ದಪ್ಪ ಬಾ ಎಂಬವನ ಗಾಡಿಯಲ್ಲಿ ಹಂದಿಮಾಂಸ ಜಾಸ್ತಿ ಹಾಕಿಸಿ, ವ್ರತದ ದಿನ ಅದನ್ನು ಮೈಗೆ ತಾಗದ ಹಾಗೆ ದೂರ ಹಿಡಿದುಕೊಂಡು ತಂದಳು. ಒಂದು ಚೂರು ಮುರಿದು ಬಾಯಿಯ ಹತ್ತಿರ ಹಿಡಿದರೆ ಅವನು ಮೂಸಿದ, ತುಟಿ ಬಿಗಿಹಿಡಿದ, ಮುಖವನ್ನು ಗೋಡೆಯ ಕಡೆ ತಿರುಗಿಸಿಬಿಟ್ಟ. ಅವಳಿಗೆ ರೇಗಿತು. ಹೊಲಸು ಮುಟ್ಟಿಸಿದಿರಿ, ಈಗ ಇದೂ ಬೇಡವೇ, ಇನ್ನೆಂಥದು ಬೇಕು ನಿಮಗೆ ಎಂದು ಬೈದಳು. ಅವನು ಈಚೆಗೆ ತಿರುಗಲಿಲ್ಲ. ಮರುದಿನ ಬೆಳಕು ಹರಿಯುವ ಹೊತ್ತಿಗೆ ಹೋಗಿಬಿಟ್ಟ.

ಇನ್ನೆಂಥದು ಬೇಕಾಗಿತ್ತು ಎನ್ನುವುದು ಅವಳಿಗೆ ವರ್ಷಪೂರ್ತಿ ಚುಚ್ಚುತ್ತಲೇ ಇತ್ತು. ಅವರ ಕಡೆ ತಿಥಿ ಮಾಡುವುದು ಸತ್ತ ದಿನವಲ್ಲ, ಅದರ ಹಿಂದಿನ ದಿನ, ಅಂದರೆ ಬದುಕಿದ್ದ ಕೊನೆಯ ದಿನ. ಸತ್ತವರಿಗೆ ಏನು ಇಷ್ಟವೋ ಅದನ್ನು ಎಡೆ ಇಡಬೇಕು. ತೋಂಗ್‌ನ ಮೊದಲ ವರ್ಷದ ತಿಥಿ ಹುಣ್ಣಿಮೆಯ ದಿನವೇ ಬಿತ್ತು. ಇನ್ನು ಮೂರು ವಾರ ಇದೆ ಎನ್ನುವಾಗ ಲಾಯ್ ಫೋಟೊ ಚೀಲಕ್ಕೆ ಹಾಕಿಕೊಂಡು ಹೊರಟಳು. ಬದುಕಿದ್ದಾಗ ತಪ್ಪು ಬಾನ್ ಮಿ ಕೊಟ್ಟದ್ದಾಯಿತು, ಸತ್ತ ಮೇಲಾದರೂ ಸರಿಯಾದದ್ದು ಕೊಡಬೇಕು.

ಮೊದಲ ದಿನ ಅವಳಿಗೆ ಏನೂ ತಿಳಿಯಲಿಲ್ಲ. ಬ್ರೆಡ್ಡು ಅಂಗುಳು ಗೀರಿತು, ಚೂರುಗಳನ್ನು ಕಂಡು ಮೈ ಉರಿಯಿತು. ನಾಲ್ಕನೆಯ ದಿನಕ್ಕೆ ಹಳೆಯ ಬ್ರೆಡ್ಡನ್ನು ಇದ್ದಿಲಿನ ಮೇಲೆ ಬಿಸಿ ಮಾಡಿ ದಾಟಿಸುವವರು ಯಾರು, ಒಲೆಯಿಂದ ಆಗತಾನೇ ಬಂದದ್ದನ್ನು ಕೊಡುವವರು ಯಾರು ಎಂಬುದು ಬೆರಳಿಂದ ಒತ್ತಿದರೇ ಗೊತ್ತಾಗತೊಡಗಿತು. ಮೂಲಂಗಿಯ ನೀರು ಹಿಂಡದೆ ಹಾಕಿದರೆ ಬ್ರೆಡ್ಡಿನ ಹೊಟ್ಟೆ ಒದ್ದೆಯಾಗುತ್ತದೆ ಎಂದು ಒಬ್ಬನಿಗೆ ಬುದ್ಧಿ ಹೇಳಿಯೂ ಬಂದಳು. ಬೆಳಿಗ್ಗೆ ಎದ್ದರೆ ಹೊಟ್ಟೆ ಅದನ್ನೇ ಕೇಳತೊಡಗಿತು. ಅದು ಅವಳಿಗೆ ನಾಚಿಕೆಯ ವಿಷಯವೂ ಆಯಿತು. ಹುಡುಕುತ್ತಿದ್ದೇನೋ ತಿನ್ನುತ್ತಿದ್ದೇನೋ ಎಂದು ತಾನೇ ಗಲಿಬಿಲಿಗೊಂಡಳು. ನಡುವೆ ಬಂದ ಪಾಡ್ಯದ ದಿನ ಮಾತ್ರ ಗುಡಿಗೆ ಹೋಗಿ, ತೋಫು ತಿಂದು, ಮನೆಯಲ್ಲೇ ಉಳಿದಳು. ವ್ರತದ ದಿನ ಬಾನ್ ಮಿ ಹೇಗೆ ಹುಡುಕುವುದು?

ಎರಡು ಮನೆ ಆಚೆ ಇದ್ದ ನಾದಿನಿ ಊತ್, ತೋಂಗ್‌ನ ಕೊನೆಯ ತಂಗಿ, ದಿನಾ ಸಂಜೆ ಬಂದು ವಿಚಾರಣೆ ಮಾಡುತ್ತಿದ್ದಳು. ತನ್ನಣ್ಣನಿಗೆ ಸುಟ್ಟ ಹಂದಿ ಇಷ್ಟ, ಅದರಲ್ಲಿ ತಲೆಕೆಡಿಸಿಕೊಳ್ಳುವುದೇನಿದೆ ಎನ್ನುವುದು ಅವಳ ವಾದ. ಒಂಬತ್ತು ಗಾಡಿಯವರು ಒಂದೇ ಮಾತು ಹೇಳಿದರೆಂದು ಕೇಳಿ ಅವಳು ಬಿದ್ದುಬಿದ್ದು ನಕ್ಕಳು.

"ಹತ್ತನೇದು ಯಾವಳ್ದೋ ಮನೇಲಿ ಇರ್ಬೇಕು ಅತ್ತಿಗೆ. ಅಲ್ಲೂ ಹೋಗಿ ರುಚಿ ನೋಡ್ಕೊಂಡು ಬನ್ನಿ."

ಹಾಸ್ಯಕ್ಕೆ ಹೇಳಿದ್ದು. ಆದರೂ ಆ ಮಾತು ಲಾಯ್‌ಳ ತಲೆಯಲ್ಲಿ ಕೂತಿತು. ತಿಂಗಳಿಗೆ ಎರಡು ದಿನ ಬೆಳಿಗ್ಗೆ ಎದ್ದವನೇ ಒಗೆದ ಅಂಗಿ ತೊಟ್ಟು ಹೋಗುತ್ತಿದ್ದನಲ್ಲ, ಹಂದಿ ತಿನ್ನಲು ಒಗೆದ ಅಂಗಿ ಏಕೆ? ತೋಂಗ್‌ನ ಜೊತೆ ಓಣಿಯ ತುದಿಯಲ್ಲಿ ಬೈಕ್ ನಿಲ್ಲಿಸಿಕೊಂಡು ಗಿರಾಕಿ ಕಾಯುತ್ತಿದ್ದ ಲುವಾನ್‌ನನ್ನು ಕೇಳಿದಳು. ಇಪ್ಪತ್ತು ವರ್ಷದ ಸ್ನೇಹಿತ. ನಿನ್ನ ಗೆಳೆಯ ದಿನಾ ಎಲ್ಲಿ ಬಾನ್ ಮಿ ತಿನ್ನುತ್ತಿದ್ದ ಎಂದು ಕೇಳಿದ್ದಕ್ಕೆ ಅವನು ತಲೆ ಕೆರೆದುಕೊಂಡು ಹದಿನಾಲ್ಕು ಗಾಡಿಗಳ ಹೆಸರು ಹೇಳಿದ. ಅವಳ ಒಂಬತ್ತೂ ಅದರಲ್ಲಿದ್ದವು. ಇನ್ನೂ ಏನೋ ಹೇಳುವವನಂತೆ ಬಾಯಿ ತೆರೆದು, ಹೆಲ್ಮೆಟ್ ತೆಗೆದು, ಮತ್ತೆ ಹಾಕಿಕೊಂಡ. ಅವಳು ಉಳಿದ ಐದನ್ನೂ ತಿಂದು ನೋಡಿದಳು. ಹದಿನಾಲ್ಕೂ ಅವನದೇ, ಹದಿನಾಲ್ಕೂ ಅವನದಲ್ಲ. ಎಲ್ಲವೂ ಇಷ್ಟವಿದ್ದವನಿಗೆ ಅವತ್ತು ಹಂದಿಯ ವಾಸನೆ ಕಂಡು ಮುಖ ತಿರುಗಿಸುವಂಥದ್ದು ಏನಾಗಿತ್ತು?

ಹುಣ್ಣಿಮೆ ಬಂದೇ ಬಂತು. ಬೆಳಿಗ್ಗೆ ಆರಕ್ಕೇ ಊತ್ ಬಂದು ಅಡುಗೆಮನೆ ಹಿಡಿದಳು. ಮೀನು, ಬಿದಿರು ಕಳಲೆಯ ಸಾರು, ಎಳನೀರಿನಲ್ಲಿ ಬೇಯಿಸಿದ ಹಂದಿ. ಅತ್ತಿಗೆಗೆ ವ್ರತವಿದ್ದರೆ ಇರಲಿ, ಅಣ್ಣನಿಗೆ ಸತ್ತ ಮೇಲೂ ಹುಲ್ಲು ತಿನ್ನಿಸಲು ತಾನು ಬಿಡುವವಳಲ್ಲ ಎಂದಳು. ಲಾಯ್‌ಗೆ ವಾದಿಸುವ ತ್ರಾಣವಿರಲಿಲ್ಲ. ಗುಡಿಯಿಂದ ಬಂದ ನಿಲುವಂಗಿಯಲ್ಲೇ, ಏನಾದರಾಗಲಿ ದಪ್ಪ ಬಾನ ಹತ್ತಿರ ಒಂದು ತಂದಿಟ್ಟು ಮುಗಿಸಿಬಿಡೋಣ ಎಂದು ಹೊರಟಳು. ದಪ್ಪ ಬಾ ಗಾಡಿ ಹಾಕಿರಲಿಲ್ಲ. ಈ ವರ್ಷದಿಂದ ಅವನಿಗೂ ಹುಣ್ಣಿಮೆಯ ವ್ರತ. ಅಡ್ಡರಸ್ತೆಯವಳ ಗಾಜಿನ ಪೆಟ್ಟಿಗೆಯಲ್ಲಿ ಬ್ರೆಡ್ಡೇ ಉಳಿದಿರಲಿಲ್ಲ.

ಲುವಾನ್ ತನ್ನ ಬೈಕಿನ ಮೇಲೆ ಕಾಲು ಚಾಚಿ ಮಲಗಿದ್ದ. ಅವಳು ಎಬ್ಬಿಸಿ, ಎಲ್ಲಾದರೂ ಸರಿ, ಒಳ್ಳೆಯ ಹಂದಿ ಬಾನ್ ಮಿ ಸಿಗುವ ಕಡೆ ಬೇಗ ಕರೆದುಕೊಂಡು ಹೋಗು, ನಿನ್ನ ಗೆಳೆಯನ ಎಡೆಗೆ ಎಂದಳು. ಅವನು ಎದ್ದು ಕೂತು ಅವಳ ನಿಲುವಂಗಿಯನ್ನು ನೋಡಿದ. ಆಕಾಶ ನೋಡಿದ. ಬೈಕ್ ಶುರು ಮಾಡಲಿಲ್ಲ.

"ಅತ್ತಿಗೆ, ಇವತ್ತು ಹುಣ್ಣಿಮೆ ಅಲ್ವಾ," ಎಂದ.

"ಹೌದು. ಅದಕ್ಕೆ?"

"ಹುಣ್ಣಿಮೆ ದಿನ ಅವ್ನು ಹಂದಿ ಎಲ್ಲಿ ತಿಂತಿದ್ದ?"

ಅವಳಿಗೆ ಅರ್ಥವಾಗಲಿಲ್ಲ. ತಿನ್ನುತ್ತಿದ್ದನಲ್ಲ, ತಿಂದೇ ಬರುತ್ತಿದ್ದನಲ್ಲ, ತಾನೇ ನಲ್ಲಿಯ ಹತ್ತಿರ ನಿಲ್ಲಿಸಿ ಬಾಯಿ ತೊಳೆಸುತ್ತಿದ್ದೆನಲ್ಲ ಎಂದಳು. ಲುವಾನ್ ಹೆಲ್ಮೆಟ್ಟಿನ ಪಟ್ಟಿಯನ್ನು ಎಳೆದಾಡುತ್ತ, ತಾನು ಬಾಯಿ ಬಿಟ್ಟರೆ ಬೈಕಿನ ಎರಡೂ ಚಕ್ರದ ಗಾಳಿ ತೆಗೆಯುತ್ತೇನೆಂದು ತೋಂಗ್ ಹೆದರಿಸಿದ್ದ ಎಂದ. ನೀವು ಕೇಳಿದ್ದು ದಿನಾ ತಿನ್ನುವುದನ್ನು, ನಾನು ಹೇಳಿದ್ದೂ ದಿನದ್ದನ್ನೇ, ಆ ಎರಡು ದಿನದ್ದು ಬೇರೆ, ಅದು ದೊಡ್ಡಾಸ್ಪತ್ರೆಯ ಹಿಂದಿನ ಗೇಟಿನಲ್ಲಿ ಎಂದ. ಯಾಕೆ ಎಂದು ಅವನಿಗೂ ಗೊತ್ತಿರಲಿಲ್ಲ. ಒಮ್ಮೆ ಕೇಳಿದ್ದಕ್ಕೆ ತೋಂಗ್ ಹೊಟ್ಟೆ ಸರಿಯಿಲ್ಲ ಎಂದಿದ್ದನಂತೆ.

ತನಗೆ ಆಪರೇಷನ್ ಆದ ಆ ಆಸ್ಪತ್ರೆಯ ರಸ್ತೆಗೆ ಲಾಯ್ ಎಂಟು ವರ್ಷದಿಂದ ಕಾಲಿಟ್ಟಿರಲಿಲ್ಲ. ಬಳಸು ದಾರಿಯಾದರೂ ಸರಿ, ಆ ಗೋಡೆ ಕಣ್ಣಿಗೆ ಬೀಳಬಾರದು. ಬೈಕಿನ ಹಿಂದೆ ಕೂತು ಹೋಗುವಾಗ ಹೊಟ್ಟೆಯ ಹಳೆಯ ಹೊಲಿಗೆಯ ಮೇಲೆ ತಾನಾಗಿ ಕೈ ಹೋಯಿತು. ಹಿಂದಿನ ಗೇಟಿನಲ್ಲಿ ರೋಗಿಗಳ ಕಡೆಯವರು ಪ್ಲಾಸ್ಟಿಕ್ ಮಣೆಗಳ ಮೇಲೆ ಕೂತಿದ್ದರು. ಗೋಡೆಗೆ ಒರಗಿಸಿದಂತೆ ಒಂದು ಸಣ್ಣ ಗಾಡಿ, ಅದರ ಗಾಜಿಗೆ ಸಸ್ಯಾಹಾರಿ ಎಂದು ಬರೆದ ಹಳದಿ ಚೀಟಿ. ಗಾಡಿಯ ಕೆಳಗೆ ಟವೆಲ್ಲು, ಬಕೆಟ್ಟು, ಬೆಡ್‌ಪ್ಯಾನುಗಳು. ಉಳಿದ ದಿನ ಇವಳು ಮಾರುವುದು ಅವನ್ನೇ, ಬಾನ್ ಮಿ ತಿಂಗಳಿಗೆ ಎರಡೇ ದಿನ ಎಂದು ಲುವಾನ್ ಹೇಳಿದ. ಮೂರು ವಾರವಲ್ಲ, ಮೂರು ವರ್ಷ ಹುಡುಕಿದ್ದರೂ ಬೇರೆ ದಿನ ಬಂದಿದ್ದರೆ ಲಾಯ್‌ಗೆ ಇಲ್ಲಿ ಟವೆಲ್ಲು ಮಾತ್ರ ಸಿಗುತ್ತಿತ್ತು.

ಗಾಡಿಯವಳ ಹೆಸರು ಹಾನ್. ಐವತ್ತರ ಆಸುಪಾಸು, ಒಂದು ಕಿವಿ ಮಂದ. ಫೋಟೊವನ್ನು ಬೆಳಕಿಗೆ ಹಿಡಿದು ನೋಡಿದಳು. ಲಾಯ್ ಹದಿನೈದನೆಯ ಸಲ ಅದೇ ಹೊಗಳಿಕೆ ಕೇಳಲು ತಯಾರಾದಳು.

"ಈ ಯಪ್ಪಾನಾ? ಏಳ್ ವರ್ಷ ನನ್ ಬಾನ್ ಮಿ ಬೈಕೊಂಡೇ ತಿಂದ್ರಲ್ಲ. ಹುಲ್ಲು ಹುಲ್ಲು ಅನ್ನೋರು. ಬೆಳಿಗ್ಗೆಗೊಂದು, ಮಧ್ಯಾಹ್ನಕ್ಕೊಂದು ಕಟ್ಟಿಸ್ಕೊಂಡು ಹೋಗೋರು. ಎಲ್ಲಿ, ಊರಿಗೆ ಹೋಗ್ಬಿಟ್ರಾ?"

ಲಾಯ್, ಇಷ್ಟವಿಲ್ಲದಿದ್ದರೆ ಯಾಕೆ ತಿನ್ನುತ್ತಿದ್ದರು ಎಂದು ಕೇಳಿದಳು. ಹಾನ್‌ಗೆ ಕೇಳಿಸಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಕೇಳಬೇಕಾಯಿತು. ಗೇಟಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಹರಕೆ ಅಮ್ಮ," ಎಂದು ಹಾನ್ ಬ್ರೆಡ್ಡು ಸೀಳುತ್ತ ಹೇಳಿದಳು. "ಹೆಂಡ್ತೀನ ಇಲ್ಲೇ ಒಳಗೆ ಕುಯ್ತಿದ್ರಂತೆ. ಇವ್ರು ಈ ಗೋಡೆ ಹತ್ರ ಕೂತು, ಅವ್ಳು ನಡ್ಕೊಂಡು ಆಚೆ ಬಂದ್ರೆ ತಿಂಗ್ಳಿಗೆ ಎರಡು ದಿನ ಮಾಂಸ ಬಿಡ್ತೀನಿ ಅಂತ ಕ್ವಾನ್ ಆಮ್ ತಾಯಿಗೆ ಹೇಳ್ಕೊಂಡ್ರಂತೆ. ಬಂದ್ಲಾ ಅಂತ ಕೇಳ್ದೆ. ಬಂದ್ಲು, ಅವತ್ತಿಂದ ಬೈತಾನೇ ಇದಾಳೆ ಅಂದ್ರು."

ಹಾನ್‌ಗೆ ತಾನು ಯಾರ ಜೊತೆ ಮಾತಾಡುತ್ತಿದ್ದೇನೆಂದು ತಿಳಿದಿರಲಿಲ್ಲವೋ, ಅಥವಾ ತಿಳಿದೂ ಹೇಳುತ್ತಿದ್ದಳೋ, ಲಾಯ್‌ಗೆ ಗೊತ್ತಾಗಲಿಲ್ಲ. ಎಷ್ಟು ದಿನದ ಹರಕೆ ಎಂದು ತಾನೊಮ್ಮೆ ವಿಚಾರಿಸಿದ್ದನ್ನು ಹಾನ್ ಹೇಳಿದಳು. ಗಾಬರಿಯಲ್ಲಿ ಇಷ್ಟು ದಿನ ಅಂತ ಹೇಳುವುದನ್ನೇ ಮರೆತೆ, ಈಗ ಸಾಯುವವರೆಗೂ ತಿನ್ನಬೇಕಾಯಿತು ಎಂದು ಅವನು ಗೊಣಗುತ್ತಿದ್ದನಂತೆ. ಮನೆಯಲ್ಲಿ ಹೇಳಿದರೆ ಹೆಂಡತಿಯೇ ಮಾಡಿಹಾಕುತ್ತಾಳಲ್ಲ ಎಂದರೆ, ಮೂವತ್ತು ವರ್ಷ ಅವಳ ತೋಫು ನೋಡಿ ನಕ್ಕಿದ್ದೇನೆ, ಈಗ ಹೇಳಿದರೆ ಅವಳು ಗೆದ್ದ ಹಾಗಲ್ಲವೇ ಎನ್ನುತ್ತಿದ್ದನಂತೆ.

ಹಾನ್ ಎರಡು ಬಾನ್ ಮಿ ಕಟ್ಟಿದಳು. ನಿಂಬೆಹುಲ್ಲು ಹಾಕಿ ಹುರಿದ ಅಣಬೆ, ಹುರಿದಕ್ಕಿಯ ಪುಡಿ ಕಲಸಿದ ತೋಫುವಿನ ಎಳೆ, ಸೋಯಾ ಸಾಸು, ಮೂಲಂಗಿ. ಆ ಯಪ್ಪ ಮೆಣಸಿನಕಾಯಿ ಮೂರು ಹಾಕಿಸಿಕೊಳ್ಳುತ್ತಿದ್ದರು, ಹುಲ್ಲಿನ ರುಚಿ ಗೊತ್ತಾಗಬಾರದು ಅಂತ, ನಿಮಗೆಷ್ಟು ಎಂದು ಕೇಳಿದಳು. ಲಾಯ್ ಮೂರು ಬೆರಳು ತೋರಿಸಿದಳು.

ವಾಪಸು ಬರುವಾಗ ಅವಳು ಓಣಿಯ ನಲ್ಲಿಯ ಹತ್ತಿರ ಇಳಿದುಕೊಂಡಳು. ನಲ್ಲಿ ತೊಟ್ಟಿಕ್ಕುತ್ತಿತ್ತು. ತೋಂಗ್ ತೋಫು ತಿಂದ ಬಾಯನ್ನು ಏಳು ವರ್ಷ ಇಲ್ಲಿ ನಿಂತು ಮುಕ್ಕಳಿಸಿದ್ದ. ಸಾಕೋ ಇನ್ನೂ ಬೇಕೋ ಎಂದು ಕೂಗಿದ್ದ. ಅವಳು ಒಂದು ದಿನವೂ ಸಾಕು ಎಂದಿರಲಿಲ್ಲ. ಹಾಗಾದರೆ ಅವನು ಅಣಕಿಸುತ್ತಿದ್ದದ್ದು ಯಾರನ್ನು? ಹೆಂಡತಿಯನ್ನೋ, ತನ್ನನ್ನೇ ತಾನೋ? ಯೋಚಿಸಿದಷ್ಟೂ ಅವಳಿಗೆ ತಲೆ ಬುಡ ತಿಳಿಯಲಿಲ್ಲ. ಅವಳು ಬಗ್ಗಿ ನಲ್ಲಿ ಬಿಗಿ ಮಾಡಿ ಒಳಗೆ ಹೋದಳು.

ಎಡೆಯ ಮೇಜಿನ ಮೇಲೆ ಊತ್ ಎಲ್ಲವನ್ನೂ ಜೋಡಿಸಿ ಆಗಿತ್ತು. ಲಾಯ್ ಒಂದು ಬಾನ್ ಮಿಯನ್ನು ಬಿಚ್ಚಿ, ಎರಡು ತುಂಡು ಮಾಡಿ ತಟ್ಟೆಯಲ್ಲಿಟ್ಟಳು. ಗಂಡನ ಫೋಟೊದ ಮುಂದಿದ್ದ ಹಂದಿಯ ಬೋಗುಣಿಯನ್ನು ಎತ್ತಿ ಪಕ್ಕದಲ್ಲಿದ್ದ ಮಾವನ ಫೋಟೊದ ಮುಂದೆ ಸರಿಸಿ, ಅಲ್ಲಿ ಬಾನ್ ಮಿಯ ತಟ್ಟೆ ಇಟ್ಟಳು. ಊತ್ ಬಗ್ಗಿ ನೋಡಿ, ಬೆರಳಿಂದ ಒಳಗೆ ಕೆದಕಿದಳು.

"ಇದೇನ್ ಅತ್ತಿಗೆ, ತೋಫು? ತಿಥಿ ದಿನಾನೂ ಸೇಡು ತೀರಿಸ್ಕೋತೀರಾ?"

"ನಿಮ್ಮಣ್ಣಂದೇ ಅದು," ಎಂದಳು ಲಾಯ್. ಊತ್ ಇನ್ನೂ ಏನೇನೋ ಕೇಳಿದಳು. ಲಾಯ್ ಹೇಳಲಿಲ್ಲ. ಏಳು ವರ್ಷ ಅವನು ಮುಚ್ಚಿಟ್ಟದ್ದನ್ನು ಏಳು ಗಳಿಗೆಯಲ್ಲಿ ನಾದಿನಿಯ ಕೈಗೆ ಕೊಡುವ ಮನಸ್ಸಾಗಲಿಲ್ಲ.

ಊದುಬತ್ತಿ ಉರಿದು ಮುಗಿದರೆ ಸತ್ತವರ ಊಟ ಮುಗಿದಂತೆ. ಆಮೇಲೆ ಎಡೆ ಇಳಿಸಿ ಮನೆಯವರು ಉಣ್ಣಬೇಕು. ಬತ್ತಿ ಮುಗಿಯಿತು. ಹಸಿದಿದ್ದ ಊತ್ ಮೀನಿನ ತಟ್ಟೆ ಇಳಿಸಿದಳು, ಸಾರು ಇಳಿಸಿದಳು, ಬಾನ್ ಮಿಯ ತಟ್ಟೆಗೆ ಕೈ ಹಾಕಿದಳು. ಲಾಯ್ ಅವಳ ಕೈ ತಡೆದು ಇನ್ನೊಂದು ಊದುಬತ್ತಿ ಹಚ್ಚಿ ನೆಟ್ಟಳು.

"ಇರು ಊತ್. ಅವ್ರದಿನ್ನೂ ಆಗಿಲ್ಲ."

ನಾದಿನಿ ಗೊಣಗುತ್ತ ಅಡುಗೆಮನೆಗೆ ಹೋದಳು. ಲಾಯ್ ಕುರ್ಚಿ ಎಳೆದುಕೊಂಡು ಫೋಟೊದ ಎದುರು ಕೂತು, ಎರಡನೆಯ ಬಾನ್ ಮಿಯ ಕಾಗದ ಬಿಚ್ಚಿ ಕಚ್ಚಿದಳು. ಮೂರು ಮೆಣಸಿನಕಾಯಿ ಬಾಯಿಗೆ ಸಿಕ್ಕಿ ಕಣ್ಣಲ್ಲಿ ನೀರು ಬಂತು. ಬ್ರೆಡ್ಡಿನ ಚೂರುಗಳು ಮಡಿಲಿಗೆ, ಒರೆಸಿದ ನೆಲಕ್ಕೆ, ಎಡೆಯ ಮೇಜಿನ ಕೆಂಪು ಬಟ್ಟೆಯ ಅಂಚಿಗೆ ಉದುರಿದವು. ಒರೆಸುವ ಬಟ್ಟೆ ಅವಳ ಹೆಗಲ ಮೇಲೆಯೇ ಇತ್ತು. ಊದುಬತ್ತಿ ಅರ್ಧಕ್ಕೆ ಬಂದರೂ ಅದು ಅಲ್ಲೇ ಇತ್ತು.